ಬ್ರೇಕಿನೊಳಗಣ ಗಾಳಿ

ಗಾಡಿ ಕೊಳ್ಳುವಾಗ ಅದು ಎಷ್ಟು ವೇಗವಾಗಿ ಓಡುತ್ತದೆಂದು ಕೇಳದವರಿಲ್ಲ. ಎಷ್ಟು ದೂರದಲ್ಲಿ ನಿಲ್ಲುತ್ತದೆಂದು ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ನಾನೂ ಕೇಳಿದವನಲ್ಲ. ಮೋಟಾರು ಸೈಕಲ್ಲಿನ ಹಿಂದಿನ ಬ್ರೇಕಿನ ವಿಷಯವಾಗಿ ನಾಲ್ಕು ಮಾತು ಬರೆಯುವ ಯೋಗ್ಯತೆ ನನಗೆ ಬಂದಿದ್ದರೆ, ಅದು ಓದಿನಿಂದ ಬಂದದ್ದಲ್ಲ. ಒಂದು ದಿನ ಆಗುಂಬೆಯ ಘಾಟಿಯಲ್ಲಿ ಆ ಬ್ರೇಕು ಇಲ್ಲವಾದದ್ದರಿಂದ ಬಂದದ್ದು. ಇತಿಹಾಸವನ್ನೂ ಕನ್ನಡವನ್ನೂ ಐಚ್ಛಿಕವಾಗಿ ಓದುತ್ತಿರುವವನು ಸ್ಪ್ಯಾನರಿನ ವಿಷಯ ಬರೆಯುವುದೇ ಎಂದು ನಮ್ಮ ಅಧ್ಯಾಪಕರು ನಗಬಹುದು. ನಗಲಿ. ಆದರೆ ನಮ್ಮ ಕಾಲೇಜಿನ ಹೊಂಗೆಮರದ ನೆರಳಿನಲ್ಲಿ ದಿನವೂ ನಿಲ್ಲುವ ಮೋಟಾರು ಸೈಕಲ್ಲುಗಳನ್ನು ಒಮ್ಮೆ ಎಣಿಸಿ ನೋಡಿದರೆ, ಈ ವಿಷಯ ಕಲಾವಿಭಾಗಕ್ಕೆ ಹೊರಗಿನದೆಂದು ಹೇಳಲು ಅವರಿಗೂ ಮನಸ್ಸು ಬಾರದು.

ಘಾಟಿಯಲ್ಲಿ ನಡೆದದ್ದು

ಕಳೆದ ಡಿಸೆಂಬರಿನಲ್ಲಿ ಅಮ್ಮನನ್ನು ಹಿಂದೆ ಕೂರಿಸಿಕೊಂಡು ತೀರ್ಥಹಳ್ಳಿಯಿಂದ ಹೆಬ್ರಿಗೆ ಹೊರಟಿದ್ದೆ. ಅಕ್ಕನ ಮನೆ ಅಲ್ಲಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ ೧೪ ಕಡಿದಾದ ತಿರುವುಗಳಿವೆ. ಅಮ್ಮನಿಗೆ ಹೆದರಿಕೆಯಾಗಬಾರದೆಂದು ನಾನು ಹಿಂದಿನ ಬ್ರೇಕಿನ ಮೇಲೆ ಬಲಗಾಲನ್ನು ಒತ್ತಿಟ್ಟುಕೊಂಡೇ ನಿಧಾನವಾಗಿ ಇಳಿಯುತ್ತಿದ್ದೆ. ಇದು ಜಾಣತನವೆಂದು ಆಗ ನನ್ನ ಭಾವನೆ. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಇನ್ನೊಂದು ತಿರುವಿನ ಬಳಿ ಕಾಲನ್ನು ಒತ್ತಿದೆ. ಪೆಡಲು ತಡೆಯಿಲ್ಲದೆ ಕೆಳಕ್ಕೆ ಹೋಯಿತು. ಬರಿಯ ಗಾಳಿಯನ್ನು ತುಳಿದಂತಾಯಿತು.

ಮುಂದಿನ ಬ್ರೇಕನ್ನು ಮೆಲ್ಲಗೆ ಹಿಡಿದು, ಗೇರನ್ನು ಒಂದಕ್ಕೆ ಇಳಿಸಿ, ತಿರುವಿನ ಒಳಬದಿಯ ಮಣ್ಣಿನಲ್ಲಿ ಗಾಡಿ ನಿಲ್ಲಿಸಿದೆ. ಕೈ ನಡುಗುತ್ತಿತ್ತು. “ಯಾಕೋ ನಿಲ್ಸಿದೆ?” ಎಂದರು ಅಮ್ಮ. “ಕಾಡು ಚೆನ್ನಾಗಿದೆ, ಸ್ವಲ್ಪ ನೋಡಮ್ಮ” ಎಂದೆ. ಅರ್ಧ ಗಂಟೆ ನಾವು ಕಾಡು ನೋಡಿದೆವು. ಅಮ್ಮ ನಿಜವಾಗಿಯೂ ನೋಡಿದರು. ನಾನು ಹಿಂದಿನ ಚಕ್ರದ ಡಿಸ್ಕಿನ ಬಳಿ ಕೈಯೊಡ್ಡಿ ಅದರ ಕಾವನ್ನು ನೋಡುತ್ತಿದ್ದೆ. ಅದು ತಣಿದ ಮೇಲೆ ಪೆಡಲಿಗೆ ಮತ್ತೆ ಸ್ವಲ್ಪ ಬಿಗಿ ಬಂತು. ಉಳಿದ ಹಾದಿಯನ್ನು ಒಂದನೆಯ ಗೇರಿನಲ್ಲಿಯೇ, ಮುಂದಿನ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತ ಇಳಿದೆ.

ಹೋದ ಬ್ರೇಕು ತಾನಾಗಿ ಬಂದದ್ದೇಕೆ? ಈ ಪ್ರಶ್ನೆಯನ್ನು ಊರಿಗೆ ಮರಳಿದ ಮೇಲೆ ಬಸ್ ನಿಲ್ದಾಣದ ಹಿಂದಿನ ಮೇಸ್ತ್ರಿಗಳ ಮುಂದಿಟ್ಟೆ. ಅವರು ಚಕ್ರವನ್ನು ಕೈಯಲ್ಲಿ ತಿರುಗಿಸಿದರು. ಅರ್ಧ ಸುತ್ತಿಗೇ ನಿಂತಿತು. ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು; ಒಳಗೆ ಕಾಫಿಯ ಕಷಾಯದ ಬಣ್ಣ. “ಇದನ್ನ ಯಾವಾಗ ಬದ್ಲಾಯ್ಸಿದ್ದಪ್ಪ?” ಎಂದು ಕೇಳಿದರು. ಗಾಡಿ ೨೦೧೬ರದು. ನಮ್ಮ ಮನೆಗೆ ಎರಡನೆಯ ಕೈಯಿಂದ ಬಂದದ್ದು. ನಾವು ಒಮ್ಮೆಯೂ ಬದಲಾಯಿಸಿರಲಿಲ್ಲ.

“ಮೇಸ್ತ್ರಿಗಳೇ, ಇದನ್ನು ನಾನೇ ಮನೆಯಲ್ಲಿ ಬಿಚ್ಚಿ ಕಲಿಯಬಹುದೇ?” ಎಂದೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು. “ಮಾಡು. ಆದ್ರೆ ರಸ್ತೆಗೆ ಇಳ್ಸೋ ಮುಂಚೆ ನಂಗೆ ತೋರ್ಸು. ಇದು ಹಾರ್ನ್ ಅಲ್ಲ” ಎಂದರು.

ಪೆಡಲಿನಿಂದ ಡಿಸ್ಕಿನವರೆಗೆ

ಬಿಚ್ಚುವ ಮುನ್ನ ಬ್ರೇಕು ಕೆಲಸ ಮಾಡುವ ಬಗೆಯನ್ನು ತಿಳಿಯುವುದು ಒಳ್ಳೆಯದು. ಹಳೆಯ ಡ್ರಮ್ ಬ್ರೇಕಿನಲ್ಲಿ ಪೆಡಲಿಗೂ ಚಕ್ರಕ್ಕೂ ನಡುವೆ ಒಂದು ಕಬ್ಬಿಣದ ಸಲಾಕೆ ಇರುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಆ ಸಲಾಕೆಯ ಕೆಲಸವನ್ನು ದ್ರವವೊಂದು ಮಾಡುತ್ತದೆ. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒಂದು ಕಡೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದು ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲನ ನಿಯಮ. ಅವನು ೧೬೬೨ರಲ್ಲಿ ತೀರಿಕೊಂಡ. ದ್ರವಗಳ ಬಗೆಗಿನ ಅವನ ಗ್ರಂಥ ಅಚ್ಚಾದದ್ದು ೧೬೬೩ರಲ್ಲಿ. ಇದೇ ನಿಯಮದ ಮೇಲೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ೧೭೯೫ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟು ಪಡೆದ. ೧೯೨೧ರ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ಹೈಡ್ರಾಲಿಕ್ ಬ್ರೇಕು ಇತ್ತು. ೧೯೬೯ರಲ್ಲಿ ಬಂದ ಹೋಂಡಾ ಸಿಬಿ ೭೫೦ರ ಮುಂದಿನ ಚಕ್ರಕ್ಕೆ ಹೈಡ್ರಾಲಿಕ್ ಡಿಸ್ಕ್ ಬ್ರೇಕು ಹಾಕಿದ್ದರು. ಇಂದು ಅದು ನಮ್ಮಂಥವರ ಗಾಡಿಗೂ ಬಂದಿದೆ.

ಒಂದು ಲೆಕ್ಕ ಹಾಕೋಣ. ನಾನು ಪೆಡಲಿನ ಮೇಲೆ ೧೦ ಕಿಲೋಗ್ರಾಂ ಭಾರವಿಟ್ಟಂತೆ ಒತ್ತಿದೆನೆಂದು ಇಟ್ಟುಕೊಳ್ಳಿ. ಪೆಡಲು ಒಂದು ಸನ್ನೆಗೋಲು. ಅದು ಈ ಬಲವನ್ನು ಐದು ಪಟ್ಟು ಮಾಡಿದರೆ, ಪೆಡಲಿನ ಬಳಿಯಿರುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿನ ಮೇಲೆ ೫೦ ಕಿಲೋಗ್ರಾಂ ಬೀಳುತ್ತದೆ. ಆ ಪಿಸ್ಟನ್ನಿನ ವ್ಯಾಸ ೧೪ ಮಿಲಿಮೀಟರ್ ಆಗಿದ್ದರೆ ಅದರ ಮುಖದ ವಿಸ್ತೀರ್ಣ ೧೫೪ ಚದರ ಮಿಲಿಮೀಟರ್. ಚಕ್ರದ ಬಳಿಯ ಕ್ಯಾಲಿಪರಿನಲ್ಲಿರುವ ಪಿಸ್ಟನ್ನಿನ ವ್ಯಾಸ ೨೮ ಮಿಲಿಮೀಟರ್ ಆಗಿದ್ದರೆ ಅದರ ವಿಸ್ತೀರ್ಣ ೬೧೬. ನಾಲ್ಕು ಪಟ್ಟು ವಿಸ್ತೀರ್ಣ, ಆದ್ದರಿಂದ ನಾಲ್ಕು ಪಟ್ಟು ಬಲ: ೨೦೦ ಕಿಲೋಗ್ರಾಂ. ಈ ಬಲ ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಎರಡು ಬದಿಯಿಂದಲೂ ಅದುಮುತ್ತದೆ. ಕಾಲಿನ ಹತ್ತು ಚಕ್ರದ ಬಳಿ ಇನ್ನೂರಾಯಿತು.

ಆದರೆ ಪ್ರಕೃತಿ ಲೆಕ್ಕ ತಪ್ಪುವ ಶೆಟ್ಟಿಯಲ್ಲ. ಬಲ ಇಪ್ಪತ್ತು ಪಟ್ಟಾದರೆ ಚಲನೆ ಇಪ್ಪತ್ತರಲ್ಲಿ ಒಂದಾಗುತ್ತದೆ. ಪೆಡಲು ೨೦ ಮಿಲಿಮೀಟರ್ ಇಳಿದರೆ ಕ್ಯಾಲಿಪರಿನ ಪಿಸ್ಟನ್ನು ಸರಿಯುವುದು ೧ ಮಿಲಿಮೀಟರ್ ಮಾತ್ರ. ಪ್ಯಾಡಿಗೂ ಡಿಸ್ಕಿಗೂ ನಡುವಿನ ಸಂದು ಅದಕ್ಕಿಂತಲೂ ಕಿರಿದು. ಆದ್ದರಿಂದ ಇಷ್ಟು ಸಾಕು.

ಈಗ ಆ ಕೊಳವೆಯೊಳಗೆ ಒಂದು ಘನ ಸೆಂಟಿಮೀಟರ್ ಗಾಳಿ ಸೇರಿಕೊಂಡಿತೆನ್ನಿ. ಅದು ಒಂದು ಹುಣಿಸೆಬೀಜದಷ್ಟು. ದ್ರವವನ್ನು ಹಿಂಡಿ ಕುಗ್ಗಿಸಲು ಬಹುಮಟ್ಟಿಗೆ ಆಗದು, ಗಾಳಿ ಕುಗ್ಗುತ್ತದೆ. ನಮ್ಮ ಲೆಕ್ಕದ ೫೦ ಕಿಲೋಗ್ರಾಂ ಬಲ ಕೊಳವೆಯಲ್ಲಿ ವಾಯುಮಂಡಲದ ಒತ್ತಡಕ್ಕಿಂತ ಮೂವತ್ತು ಪಟ್ಟಿಗೂ ಮಿಕ್ಕ ಒತ್ತಡ ಉಂಟುಮಾಡುತ್ತದೆ. ಆ ಒತ್ತಡದಲ್ಲಿ ಗಾಳಿ ಮೂವತ್ತರಲ್ಲೊಂದು ಪಾಲಿಗೂ ಕಡಿಮೆಯಾಗಿ ಕುಗ್ಗುತ್ತದೆ. ಅದು ಬಿಟ್ಟುಕೊಟ್ಟ ಜಾಗವನ್ನು ತುಂಬಲು ಮಾಸ್ಟರ್ ಸಿಲಿಂಡರಿನ ಪಿಸ್ಟನ್ನು ಸುಮಾರು ೬ ಮಿಲಿಮೀಟರ್ ಹೆಚ್ಚಾಗಿ ಸರಿಯಬೇಕು. ಪೆಡಲು ೩೦ ಮಿಲಿಮೀಟರಿಗೂ ಹೆಚ್ಚು ಇಳಿಯಬೇಕು. ಕಾಲಿನ ಚಲನೆಯೆಲ್ಲ ಗಾಳಿಯನ್ನು ಹಿಂಡುವುದರಲ್ಲಿಯೇ ಮುಗಿದು, ಚಕ್ರಕ್ಕೆ ಏನೂ ಉಳಿಯುವುದಿಲ್ಲ. ಇಡೀ ಬ್ರೇಕನ್ನು ಕೆಡಿಸಲು ಒಂದು ಹುಣಿಸೆಬೀಜದಷ್ಟು ಗಾಳಿ ಸಾಕು.

ನೀರು ಮತ್ತು ರಬ್ಬರು

ನಮ್ಮ ಗಾಡಿಯಲ್ಲಿ ಗಾಳಿ ಇರಲಿಲ್ಲ, ಘಾಟಿಯಲ್ಲಿ ಹುಟ್ಟಿತು. ನಾವು ಬ್ರೇಕ್ ಆಯಿಲ್ ಎಂದು ಕರೆಯುವುದು ವಾಸ್ತವವಾಗಿ ಎಣ್ಣೆಯಲ್ಲ. ಅದು ಗ್ಲೈಕಾಲ್ ಜಾತಿಯ ದ್ರವ. ಗಾಳಿಯಲ್ಲಿನ ತೇವವನ್ನು ಹೀರುವುದು ಅದರ ಗುಣ. ಮಳೆಗಾಲದಲ್ಲಿ ಡಬ್ಬಿಯಲ್ಲಿಟ್ಟ ಉಪ್ಪಿನ ಹಾಗೆ. ಡಾಟ್ ೪ ಎಂಬ ದರ್ಜೆಯ ದ್ರವ ಹೊಸದಾಗಿದ್ದಾಗ ಕನಿಷ್ಠ ೨೩೦ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂದು ನಿಯಮ. ಅದರಲ್ಲಿ ಶೇಕಡ ೩.೭ರಷ್ಟು ನೀರು ಸೇರಿದರೆ ಈ ಮಟ್ಟ ೧೫೫ ಡಿಗ್ರಿಗೆ ಇಳಿಯುತ್ತದೆ. ವರ್ಷಗಟ್ಟಲೆ ಮಲೆನಾಡಿನ ಮಳೆಯಲ್ಲಿ ನೆನೆದ ಗಾಡಿಯ ದ್ರವ ಎಷ್ಟು ನೀರು ಕುಡಿದಿತ್ತೋ! ಬಿಡದೆ ತುಳಿದ ಬ್ರೇಕಿನ ಕಾವಿಗೆ ಅದು ಕ್ಯಾಲಿಪರಿನೊಳಗೆ ಕುದಿದು ಆವಿಯಾಯಿತು. ಆವಿಯೂ ಗಾಳಿಯಂತೆಯೇ ಕುಗ್ಗುವ ವಸ್ತು. ಪೆಡಲು ಟೊಳ್ಳಾಯಿತು. ತಣಿದಾಗ ಆವಿ ಮತ್ತೆ ದ್ರವವಾಯಿತು, ಬ್ರೇಕು ಮರಳಿತು. ಅರ್ಧ ಗಂಟೆ ಕಾಡು ನೋಡಿದ ಪವಾಡದ ಗುಟ್ಟು ಇಷ್ಟೇ.

ಆದರೆ ಅಷ್ಟು ಕಾವು ಬಂದದ್ದು ನನ್ನ ಕಾಲಿನಿಂದ ಮಾತ್ರವಲ್ಲ. ಕ್ಯಾಲಿಪರಿನ ಪಿಸ್ಟನ್ನಿನ ಸುತ್ತ, ಲೋಹದಲ್ಲಿ ಕೊರೆದ ಗಾಡಿಯೊಳಗೆ, ಚೌಕ ಅಂಚಿನ ಒಂದು ರಬ್ಬರ್ ಉಂಗುರವಿರುತ್ತದೆ. ಇದನ್ನೇ ಸೀಲ್ ಎನ್ನುತ್ತಾರೆ. ದ್ರವ ಹೊರಗೆ ಬಾರದಂತೆ ತಡೆಯುವುದು ಇದರ ಒಂದು ಕೆಲಸ. ಇನ್ನೊಂದು ಕೆಲಸ ನನಗೆ ಅತ್ಯಂತ ಸೊಗಸಾಗಿ ಕಂಡಿತು. ಬ್ರೇಕು ಒತ್ತಿದಾಗ ಪಿಸ್ಟನ್ನು ಮುಂದೆ ಸರಿಯುತ್ತ ಈ ಉಂಗುರವನ್ನು ಸ್ವಲ್ಪ ಓರೆಯಾಗಿ ಎಳೆಯುತ್ತದೆ. ಕಾಲು ತೆಗೆದಾಗ ಉಂಗುರ ತನ್ನ ಮೊದಲಿನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಪ್ಯಾಡು ಡಿಸ್ಕನ್ನು ಬಿಡುವುದು ಹೀಗೆ. ಬೇರೆ ಸ್ಪ್ರಿಂಗೇ ಇಲ್ಲ.

ಕಾಲ ಕಳೆದಂತೆ ಆ ಸಂದಿನಲ್ಲಿ ಅಲ್ಯೂಮಿನಿಯಂ ಕರಗಿ ಬಿಳಿಯ ಸುಣ್ಣದಂಥ ಪದರ ಕಟ್ಟುತ್ತದೆ. ಅದು ಉಂಗುರವನ್ನು ಹಿಂದಿನಿಂದ ಒತ್ತಿ ಪಿಸ್ಟನ್ನಿಗೆ ಬಿಗಿಯಾಗಿ ಅಂಟಿಸುತ್ತದೆ. ರಬ್ಬರೂ ಗಡುಸಾಗುತ್ತದೆ. ಪಿಸ್ಟನ್ನು ಹಿಂದೆ ಸರಿಯದು. ಪ್ಯಾಡು ಸದಾ ಡಿಸ್ಕಿಗೆ ಉಜ್ಜುತ್ತಿರುತ್ತದೆ. ಬ್ರೇಕು ಒತ್ತದಿದ್ದಾಗಲೂ ಕಾವು ಏರುತ್ತಿರುತ್ತದೆ. ನಮ್ಮ ಚಕ್ರ ಅರ್ಧ ಸುತ್ತಿಗೆ ನಿಂತದ್ದು ಇದರಿಂದ. ತಿಂಗಳುಗಳಿಂದ ಗಾಡಿಯನ್ನು ತಳ್ಳುವಾಗ ಭಾರವೆನಿಸುತ್ತಿತ್ತು. ಗಾಳಿ ಕಡಿಮೆಯಾಗಿರಬೇಕೆಂದು ನಾನು ಟೈರನ್ನೇ ಬೈಯುತ್ತಿದ್ದೆ.

ಬಿಚ್ಚುವ ಕೆಲಸ

ಬೇಕಾದ ಸಾಮಾನುಗಳು ಹೆಚ್ಚೇನಿಲ್ಲ: ಆಯಾ ಗಾಡಿಗೇ ಸೇರಿದ ಸೀಲ್ ಕಿಟ್‌ಗಳು, ಕ್ಯಾಲಿಪರಿಗೊಂದು ಮತ್ತು ಮಾಸ್ಟರ್ ಸಿಲಿಂಡರಿಗೊಂದು, ಡಬ್ಬಿಯ ಮೇಲೆ ಯಾವ ದರ್ಜೆ ಬರೆದಿದೆಯೋ ಅದೇ ದರ್ಜೆಯ, ಸೀಲು ಒಡೆಯದ ಹೊಸ ದ್ರವ, ಕೊಳವೆಯ ಬೋಲ್ಟಿಗೆ ಹೊಸ ತಾಮ್ರದ ವಾಷರುಗಳು, ರಿಂಗ್ ಸ್ಪ್ಯಾನರುಗಳು, ಒಂದು ಮೊಳ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು, ಒಂದು ಬಾಟಲಿ, ಚಿಂದಿ ಬಟ್ಟೆ, ಒಂದು ಬಕೆಟ್ ನೀರು. ಈ ದ್ರವ ಬಿದ್ದಲ್ಲಿ ಬಣ್ಣ ಏಳುತ್ತದೆ. ಕೂಡಲೇ ನೀರು ಹಾಕಿ ತೊಳೆಯಬೇಕು. ಕಣ್ಣಿಗೂ ಬೀಳಬಾರದು.

ಗಾಡಿಯನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಮೊದಲು ಹೊರಗಿನ ಕೆಸರನ್ನೆಲ್ಲ ಸೋಪುನೀರಿನಿಂದ ತೊಳೆದು ಒರೆಸಿದೆ. ಪ್ಯಾಡಿನ ಧೂಳನ್ನು ಬಾಯಿಂದ ಊದಬಾರದು. ಒದ್ದೆ ಬಟ್ಟೆಯಿಂದ ತೆಗೆಯಬೇಕು. ಕ್ಯಾಲಿಪರು ಇನ್ನೂ ಗಾಡಿಗೆ ಭದ್ರವಾಗಿದ್ದಾಗಲೇ ಕೊಳವೆಯ ಬೋಲ್ಟನ್ನೂ ಗಾಳಿ ತೆಗೆಯುವ ನಿಪ್ಪಲನ್ನೂ ಒಮ್ಮೆ ಸಡಿಲಿಸಿ ಮತ್ತೆ ಮೆಲ್ಲಗೆ ಮುಚ್ಚಿದೆ. ಕೈಯಲ್ಲಿ ಹಿಡಿದುಕೊಂಡು ಅವನ್ನು ಸಡಿಲಿಸುವುದು ಕಷ್ಟ. ಅನಂತರ ಕ್ಯಾಲಿಪರನ್ನು ಕಳಚಿ, ಪ್ಯಾಡುಗಳನ್ನು ತೆಗೆದೆ.

ಪಿಸ್ಟನ್ನನ್ನು ಹೊರಗೆ ತೆಗೆಯುವುದಕ್ಕೆ ಇಕ್ಕಳ ಹಾಕಿ ಎಳೆದರೆ ಅದರ ನುಣುಪು ಮೈ ಗೀಚಿಹೋಗುತ್ತದೆ. ಮೇಸ್ತ್ರಿಗಳು ಕಂಪ್ರೆಸರಿನ ಗಾಳಿಯಿಂದ ತೆಗೆಯುತ್ತಾರೆ. ಮನೆಯಲ್ಲಿ ಅದು ಬೇಡ, ಗುಂಡಿನಂತೆ ಹಾರಿ ಬೆರಳು ಜಜ್ಜೀತು. ಬ್ರೇಕಿನ ಪೆಡಲೇ ನಮಗೆ ಒಳ್ಳೆಯ ಯಂತ್ರ. ಕ್ಯಾಲಿಪರನ್ನು ಒಂದು ಹಳೆಯ ತಟ್ಟೆಯ ಮೇಲಿಟ್ಟು, ತಮ್ಮನಿಂದ ಪೆಡಲನ್ನು ನಿಧಾನವಾಗಿ ಒತ್ತಿಸಿದೆ. ಡಬ್ಬಿಯಲ್ಲಿ ದ್ರವ ತಗ್ಗಿದಂತೆಲ್ಲ ತುಂಬಿದೆ. ಪಿಸ್ಟನ್ನು ಸ್ವಲ್ಪ ಸ್ವಲ್ಪವಾಗಿ ಮುಂದೆ ಬಂದು, ಕೊನೆಗೆ ಕೈಯಿಂದ ತಿರುಗಿಸಿ ಎಳೆದರೆ ಬರುವಷ್ಟಾಯಿತು. ಕಂದು ದ್ರವ ತಟ್ಟೆಗೆ ಸುರಿಯಿತು.

ಹಳೆಯ ಸೀಲುಗಳು ಎರಡು: ಒಳಗಿನದು ದ್ರವಕ್ಕೆ, ಹೊರಗಿನದು ಧೂಳಿಗೆ. ಬಿದಿರ ಕಡ್ಡಿಯೊಂದರ ತುದಿ ಚೂಪು ಮಾಡಿ ಅವನ್ನು ಎಬ್ಬಿಸಿದೆ. ಇಲ್ಲಿ ಉಕ್ಕಿನ ಮೊನೆ ಬಳಸಬಾರದು. ಒಂದು ಗೀರು ಬಿದ್ದರೂ ದ್ರವ ಆ ದಾರಿ ಹಿಡಿಯುತ್ತದೆ. ಸೀಲು ತೆಗೆದ ಮೇಲೆ ನಾನು ಕೇಳಿದ್ದ ಸುಣ್ಣ ಕಣ್ಣಿಗೆ ಕಂಡಿತು. ಅದನ್ನು ಅದೇ ಬಿದಿರ ಕಡ್ಡಿಯಿಂದ ಕೆರೆದು, ಹೊಸ ದ್ರವದಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ ತೆಗೆಯುವುದಕ್ಕೆ ಎರಡು ಗಂಟೆ ಹಿಡಿಯಿತು. ಹೊಸ ಸೀಲು ಕೂರಿಸಲು ಬೇಕಾದದ್ದು ಎರಡು ನಿಮಿಷ. ಈ ಕೆಲಸದ ಹೆಸರು ಸೀಲು ಬದಲಾಯಿಸುವುದು. ನಿಜವಾದ ಕೆಲಸ ಆ ಸಂದನ್ನು ಶುಚಿ ಮಾಡುವುದು. ಕೊಳಕು ಸಂದಿನಲ್ಲಿ ಹೊಸ ಸೀಲು ಹಾಕಿದರೆ ಹಳೆಯ ರೋಗವೇ ಮರುಕಳಿಸುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಶುಚಿ ಮಾಡಲು ಪೆಟ್ರೋಲು, ಸೀಮೆಎಣ್ಣೆ, ಡೀಸೆಲುಗಳನ್ನು ಮುಟ್ಟಬಾರದು. ಆಯಿಲ್ ಎಂಬ ಹೆಸರನ್ನು ನಂಬಿ ಎಂಜಿನ್ ಆಯಿಲನ್ನಾಗಲಿ ಸಾಧಾರಣ ಗ್ರೀಸನ್ನಾಗಲಿ ಹಚ್ಚಲೂ ಬಾರದು. ಈ ಸೀಲಿನ ರಬ್ಬರು ಖನಿಜ ತೈಲ ತಾಗಿದರೆ ಊದಿಕೊಂಡು ಕೆಡುತ್ತದೆ. ಹೊಸ ಬ್ರೇಕ್ ದ್ರವವೇ ಇದಕ್ಕೆ ಸೋಪು, ಇದಕ್ಕೆ ಎಣ್ಣೆ.

ಪಿಸ್ಟನ್ನಿನ ಮೈಯಲ್ಲಿ ತುಕ್ಕಿನ ಗುಳಿಗಳಿದ್ದರೆ ಅದನ್ನು ಬದಲಾಯಿಸಬೇಕು, ನಮ್ಮದು ನುಣುಪಾಗಿತ್ತು. ಹೊಸ ಸೀಲುಗಳನ್ನು ಹೊಸ ದ್ರವದಲ್ಲಿ ನೆನೆಸಿ, ಎಲ್ಲಿಯೂ ತಿರುಚದಂತೆ ಕೂರಿಸಿ, ಪಿಸ್ಟನ್ನನ್ನು ನೆಟ್ಟಗೆ ಹಿಡಿದು ಹೆಬ್ಬೆರಳುಗಳಿಂದ ಒತ್ತಿದೆ. ಒಳಗೆ ಸರಿಯಿತು. ಸುತ್ತಿಗೆ ಬೇಕೆನಿಸಿದರೆ ಏನೋ ತಪ್ಪಾಗಿದೆಯೆಂದೇ ತಿಳಿಯಬೇಕು. ದ್ರವ ತಾಗಿದ ಹಳೆಯ ಪ್ಯಾಡುಗಳನ್ನು ಎಸೆದು ಹೊಸವನ್ನು ತಂದೆ.

ಮಾಸ್ಟರ್ ಸಿಲಿಂಡರಿನಲ್ಲಿ ರಬ್ಬರ್ ಟೊಪ್ಪಿಗೆ, ಸರ್ಕ್ಲಿಪ್, ತಳ್ಳುವ ಕಡ್ಡಿ, ಪಿಸ್ಟನ್ನು, ಅದರ ಮೇಲೆ ಎರಡು ರಬ್ಬರ್ ಬಟ್ಟಲುಗಳು, ಸ್ಪ್ರಿಂಗು ಇವೆ. ಹೊರಬಂದ ಕ್ರಮದಲ್ಲಿಯೇ ಅವನ್ನು ವೃತ್ತಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆ. ನೆನಪಿನ ಶಕ್ತಿಯನ್ನು ಪರೀಕ್ಷೆಗೆ ಕಾಯ್ದಿರಿಸುವುದು ಮೇಲು. ಮುಖ್ಯ ಬಟ್ಟಲಿನ ಬಾಯಿ ಒತ್ತಡವಿರುವ ಕಡೆಗೆ, ಅಂದರೆ ಸ್ಪ್ರಿಂಗಿನ ಕಡೆಗೆ, ತೆರೆದಿರಬೇಕು. ಒತ್ತಡವೇ ಅದರ ಅಂಚನ್ನು ಗೋಡೆಗೆ ಒತ್ತಿ ಮುಚ್ಚುತ್ತದೆ. ತಿರುಗಿಸಿ ಹಾಕಿದರೆ ದ್ರವ ಜಾರಿಹೋಗುತ್ತದೆ. ಸಿಲಿಂಡರಿನ ಒಳಮೈಯಲ್ಲಿ ಗೀರು ಕಂಡರೆ ಸಿಲಿಂಡರನ್ನೇ ಬದಲಾಯಿಸಬೇಕು. ಪೆಡಲು ಬಿಟ್ಟಾಗ ದ್ರವ ಡಬ್ಬಿಗೆ ಮರಳುವ ಸೂಜಿಮೊನೆಯಂಥ ರಂಧ್ರವೊಂದು ಅಲ್ಲಿದೆ, ಅದು ತೆರೆದಿರಬೇಕು. ಪೆಡಲಿಗೂ ತಳ್ಳುವ ಕಡ್ಡಿಗೂ ನಡುವೆ ತುಸು ಸಡಿಲ ಬಿಡಬೇಕೆನ್ನುವುದು ಇದಕ್ಕಾಗಿಯೇ. ಸಡಿಲವಿಲ್ಲದಿದ್ದರೆ ಬಟ್ಟಲು ಆ ರಂಧ್ರವನ್ನು ಮುಚ್ಚಿಕೊಂಡೇ ಇದ್ದು, ಬ್ರೇಕು ತಾನಾಗಿ ಹಿಡಿದುಕೊಳ್ಳುತ್ತದೆ.

ಗಾಳಿ ತೆಗೆಯುವುದು

ಎಲ್ಲವನ್ನೂ ಜೋಡಿಸಿ, ಕೊಳವೆಯ ಬೋಲ್ಟಿಗೆ ಎರಡು ಕಡೆಯೂ ಹೊಸ ವಾಷರ್ ಹಾಕಿ ಬಿಗಿದ ಮೇಲೆ ಉಳಿಯುವುದು ಒಳಗಿನ ಗಾಳಿಯನ್ನು ಹೊರಹಾಕುವ ಕೆಲಸ. ಇದಕ್ಕೆ ಇಂಗ್ಲಿಷಿನವರು ಬ್ಲೀಡಿಂಗ್ ಎನ್ನುತ್ತಾರೆ. ನಮ್ಮ ಮೇಸ್ತ್ರಿಗಳು ‘ಏರ್ ತೆಗೆಯೋದು’ ಎನ್ನುತ್ತಾರೆ. ಇವರ ಮಾತೇ ಹೆಚ್ಚು ಅರ್ಥವತ್ತಾಗಿದೆ.

ಕ್ರಮ ಹೀಗೆ. ಡಬ್ಬಿಗೆ ಹೊಸ ದ್ರವ ತುಂಬಬೇಕು. ನಿಪ್ಪಲಿಗೆ ಸ್ಪ್ಯಾನರ್ ಹಾಕಿ, ಅದರ ಮೇಲೆ ಟ್ಯೂಬು ಸಿಕ್ಕಿಸಿ, ಟ್ಯೂಬಿನ ಇನ್ನೊಂದು ತುದಿಯನ್ನು ಬಾಟಲಿಯಲ್ಲಿರುವ ಸ್ವಲ್ಪ ದ್ರವದೊಳಗೆ ಮುಳುಗಿಸಬೇಕು. ಒಬ್ಬರು ಪೆಡಲನ್ನು ನಿಧಾನವಾಗಿ ನಾಲ್ಕೈದು ಸಲ ಒತ್ತಿ, ಕೊನೆಯ ಸಲ ಒತ್ತಿಯೇ ಹಿಡಿಯಬೇಕು. ಇನ್ನೊಬ್ಬರು ನಿಪ್ಪಲನ್ನು ಕಾಲು ಸುತ್ತು ತೆರೆಯಬೇಕು. ದ್ರವವೂ ಗುಳ್ಳೆಗಳೂ ಟ್ಯೂಬಿಗೆ ನುಗ್ಗುತ್ತವೆ, ಪೆಡಲು ಇಳಿಯುತ್ತದೆ. ಅದು ಕೆಳಗೆ ಇರುವಾಗಲೇ ನಿಪ್ಪಲನ್ನು ಮುಚ್ಚಬೇಕು. ಅನಂತರ ಮಾತ್ರ ಕಾಲು ಎತ್ತಬೇಕು. ಗುಳ್ಳೆ ನಿಂತು ಶುದ್ಧ ಹೊಸ ದ್ರವ ಬರುವವರೆಗೂ ಹೀಗೆಯೇ. ನಡುವೆ ಡಬ್ಬಿ ಬರಿದಾದರೆ ಮೇಲಿನಿಂದ ಮತ್ತೆ ಗಾಳಿ ಸೇರಿ, ಮಾಡಿದ್ದೆಲ್ಲ ವ್ಯರ್ಥ.

ಪೆಡಲಿಗೆ ತಮ್ಮನನ್ನು ಕೂರಿಸಿದೆ. ಅವನು ಒಂಬತ್ತನೆಯ ತರಗತಿ. ಒಂದು ಗಂಟೆ ದುಡಿದೆವು. ಗುಳ್ಳೆಗಳು ನಿಲ್ಲಲೇ ಇಲ್ಲ. ದೋಷ ಎಲ್ಲಿದೆಯೆಂದು ಕೊನೆಗೆ ಹೊಳೆಯಿತು. ನಾನು ನಿಪ್ಪಲನ್ನು ತೆರೆಯುವಾಗ ನನಗೆ ನಾನೇ “ಬಿಡು” ಎಂದುಕೊಳ್ಳುತ್ತಿದ್ದೆ. ತಮ್ಮ ಅದನ್ನು ತನಗೆ ಹೇಳಿದ್ದೆಂದು ತಿಳಿದು ಪೆಡಲನ್ನು ಬಿಡುತ್ತಿದ್ದ. ನಿಪ್ಪಲು ತೆರೆದಿರುವಾಗ ಪೆಡಲು ಮೇಲೆದ್ದರೆ, ಹೊರಹೋದ ಗಾಳಿ ನಿಪ್ಪಲಿನ ಮರೆಗಳ ಸಂದಿನಿಂದ ಒಳಕ್ಕೆ ಬರುತ್ತದೆ. ಒಂದು ಕ್ರಿಯಾಪದದ ಎರಡರ್ಥ ಬ್ರೇಕನ್ನು ಕೆಡಿಸಬಲ್ಲದೆಂದು ನನ್ನ ಕನ್ನಡ ಅಧ್ಯಾಪಕರಿಗೆ ತಿಳಿಸಬಯಸುತ್ತೇನೆ. ಅಂದಿನಿಂದ ನಮ್ಮ ಆಜ್ಞೆಗಳು ಮೂರು: ಒತ್ತು, ಹಿಡಿ, ಎತ್ತು. ಅವನು ಪ್ರತಿಯೊಂದನ್ನೂ ತಿರುಗಿ ಹೇಳಬೇಕು.

ಆ ಬಳಿಕ ಗುಳ್ಳೆ ನಿಂತಿತು. ಆದರೆ ಪೆಡಲಿನಲ್ಲಿ ಒಂದು ಬಗೆಯ ಮೆದುತನ ಉಳಿದೇ ಇತ್ತು; ಸ್ಪಂಜನ್ನು ತುಳಿದ ಹಾಗೆ. ಬ್ರೇಕು ಹಿಡಿಯುತ್ತಿತ್ತು; ಕಲ್ಲಿನಂತೆ ನಿಲ್ಲುತ್ತಿರಲಿಲ್ಲ, ಅಷ್ಟೇ.

ಆಗ ಸಂಜೆಯಾಗಿತ್ತು. ಮರುದಿನ ಬೆಳಿಗ್ಗೆ ಅಪ್ಪ ಕೊಪ್ಪಕ್ಕೆ ಹೋಗಬೇಕಿತ್ತು. “ಆಯ್ತೇನೋ?” ಎಂದು ಕೇಳಿದರು. ದಿನವಿಡೀ ದುಡಿದಿದ್ದೆ, ಬೀದಿಯವರೆಲ್ಲ ನೋಡಿ ಹೋಗಿದ್ದರು. “ಆಯ್ತು” ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮುಕ್ಕಾಲು ಭಾಗ ಸರಿಯಿದೆ, ಮುಂದಿನ ಬ್ರೇಕಂತೂ ಇದೆ, ಕೊಪ್ಪಕ್ಕೆ ಘಾಟಿಯೇನೂ ಇಲ್ಲ ಎಂದು ಮನಸ್ಸು ವಾದ ಹೂಡಿತು. ಘಾಟಿಯಲ್ಲಿ ಅಮ್ಮನಿಗೆ “ಕಾಡು ನೋಡು” ಎಂದದ್ದು ನೆನಪಾಯಿತು. “ಆಗಿಲ್ಲಪ್ಪ. ನಾಳೆ ಬಸ್ಸಿನಲ್ಲಿ ಹೋಗಿ” ಎಂದೆ. ಅಪ್ಪ ಗೊಣಗಿದರು, ಬಸ್ಸಿನಲ್ಲಿ ಹೋದರು. ಗಾಡಿಯ ಕೀಲಿಯನ್ನು ಆ ರಾತ್ರಿ ನನ್ನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ.

ಉಳಿದ ಗಾಳಿ ಎಲ್ಲಿತ್ತು? ಗಾಳಿ ಯಾವಾಗಲೂ ದ್ರವದಲ್ಲಿ ಮೇಲಕ್ಕೇರುತ್ತದೆ. ಹೊರಗೆ ಹೋಗಬೇಕಾದರೆ ನಿಪ್ಪಲು ಎಲ್ಲಕ್ಕಿಂತ ಮೇಲಿರಬೇಕು. ಮರುದಿನ ಗಮನಿಸಿ ನೋಡಿದರೆ, ನಮ್ಮ ಕ್ಯಾಲಿಪರು ಇರುವ ಓರೆಯಲ್ಲಿ ನಿಪ್ಪಲಿಗಿಂತ ಮೇಲೆ ಒಂದು ಮೂಲೆ ಉಳಿದಿತ್ತು. ಕ್ಯಾಲಿಪರನ್ನು ಕಳಚಿ, ಪಿಸ್ಟನ್ನು ಹೊರಗೆ ಬಾರದಂತೆ ಪ್ಯಾಡುಗಳ ನಡುವೆ ಡಿಸ್ಕಿಗಿಂತ ತುಸು ದಪ್ಪನಾದ ಹಲಗೆಯ ತುಂಡನ್ನಿಟ್ಟು, ನಿಪ್ಪಲು ಆಕಾಶ ನೋಡುವಂತೆ ಕೈಯಲ್ಲಿ ಎತ್ತಿ ಹಿಡಿದೆ. ಕೊಳವೆಯನ್ನು ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿದೆ. ಒತ್ತು, ಹಿಡಿ, ಎತ್ತು. ಮೂರನೆಯ ಸಲ ಒಂದು ದೊಡ್ಡ ಗುಳ್ಳೆ ಟ್ಯೂಬಿನಲ್ಲಿ ಉರುಳಿ ಹೋಯಿತು. ಇಬ್ಬರೂ ಕೂಗಿಕೊಂಡೆವು. ಕ್ಯಾಲಿಪರನ್ನು ಸ್ವಸ್ಥಾನದಲ್ಲಿ ಬಿಗಿದು ಪೆಡಲು ಒತ್ತಿದಾಗ ಅದು ಕಾಲಿಗೆ ಗಟ್ಟಿಯಾಗಿ ಎದುರು ನಿಂತಿತು.

ಪರೀಕ್ಷೆ

ಕೆಲಸ ಮುಗಿಯಿತೆಂದು ಹೇಳುವುದಕ್ಕೆ ಮುಂಚೆ ನಾನು ಮಾಡಿದ ಪರೀಕ್ಷೆಗಳನ್ನು ಬರೆಯುತ್ತೇನೆ. ಮೊದಲನೆಯದು: ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಿಡಿಯುವುದು. ಅದು ಮೆಲ್ಲಮೆಲ್ಲನೆ ಕುಸಿದರೆ ಎಲ್ಲಿಯೋ ದ್ರವ ಜಾರುತ್ತಿದೆ. ಹೊರಗೆ ಏನೂ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಬಟ್ಟಲನ್ನು ಸಂಶಯಿಸಬೇಕು. ಎರಡನೆಯದು: ಪೆಡಲು ಬಿಟ್ಟ ಕೂಡಲೇ ಚಕ್ರ ಕೈಗೆ ಸರಾಗವಾಗಿ ತಿರುಗಬೇಕು. ಮೂರನೆಯದು: ಬೋಲ್ಟು, ನಿಪ್ಪಲು, ಪಿಸ್ಟನ್ನುಗಳ ಸುತ್ತ ಒಣ ಕಾಗದ ಒತ್ತಿ ತೇವವಿದೆಯೇ ನೋಡುವುದು, ರಾತ್ರಿ ಕಳೆದು ಮತ್ತೊಮ್ಮೆ ನೋಡುವುದು. ನಾಲ್ಕನೆಯದು: ಜನವಿಲ್ಲದ ಬಯಲಿನಲ್ಲಿ ನಡೆಯುವ ವೇಗದಲ್ಲಿ ನಿಲ್ಲಿಸಿ ನೋಡುವುದು. ಐದನೆಯದು ಮೇಸ್ತ್ರಿಗಳ ಕೈ. ಅವರು ಪೆಡಲು ಒತ್ತಿದರು, ಚಕ್ರ ತಿರುಗಿಸಿದರು, ಪ್ರತಿ ಬೋಲ್ಟಿಗೂ ಸ್ಪ್ಯಾನರ್ ಹಾಕಿ ನೋಡಿದರು. ನಿಪ್ಪಲಿನ ಬಳಿ ಬಂದಾಗ, “ಇದನ್ನ ಜಾಸ್ತಿ ಬಿಗೀಬೇಡ, ಮುರಿಯುತ್ತೆ” ಎಂದರು. ಬೇರೇನೂ ಹೇಳಲಿಲ್ಲ. ನನಗೆ ಅದೇ ಪ್ರಥಮ ದರ್ಜೆ. ಹಳೆಯ ದ್ರವವನ್ನು ಚರಂಡಿಗೆ ಸುರಿಯದೆ, ಬಾಟಲಿಯಲ್ಲಿ ತುಂಬಿ ಅವರ ಅಂಗಡಿಯ ಹಳೆಯ ಆಯಿಲಿನ ಡ್ರಮ್ಮಿನ ಬಳಿ ಬೇರೆಯಾಗಿಯೇ ಇಟ್ಟು ಬಂದೆ.

ಮಿತ್ರರಲ್ಲಿ ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ೨೦೧೯ರ ಏಪ್ರಿಲಿನಿಂದ ೧೨೫ ಸಿ.ಸಿ.ಗೆ ಮೇಲ್ಪಟ್ಟ ಹೊಸ ಮೋಟಾರು ಸೈಕಲ್ಲುಗಳಿಗೆ ಎ.ಬಿ.ಎಸ್. ಕಡ್ಡಾಯವಾಗಿದೆ. ಹಿಂದಿನ ಚಕ್ರವೂ ಅದಕ್ಕೆ ಸೇರಿದ್ದರೆ, ಅದರ ಯಂತ್ರದೊಳಗೆ ಹೊಕ್ಕ ಗಾಳಿಯನ್ನು ತೆಗೆಯಲು ವರ್ಕ್‌ಶಾಪಿನ ಸಲಕರಣೆ ಬೇಕಾಗಬಹುದು. ಅಂಥ ಗಾಡಿಯನ್ನು ಮನೆಯಲ್ಲಿ ಬಿಚ್ಚದಿರುವುದೇ ಲೇಸು. ಯಾವ ಗಾಡಿಯಾದರೂ ಸರಿ, ದ್ರವವನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಾಯಿಸಿರಿ. ಘಾಟಿ ಇಳಿಯುವಾಗ ಕೆಳಗಿನ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯಲಿ. ಎರಡು ಬ್ರೇಕುಗಳನ್ನೂ ಬಿಟ್ಟು ಬಿಟ್ಟು ಹಿಡಿಯಿರಿ. ಪೆಡಲಿನ ಮೇಲೆ ಕಾಲನ್ನು ಮಲಗಿಸಬೇಡಿ.

ಸಂಕ್ರಾಂತಿ ಕಳೆದ ಮೇಲೆ ಅಮ್ಮ ಮತ್ತೆ ಹೆಬ್ರಿಗೆ ಹೋಗಬೇಕೆಂದರು. ಹೊರಡುವ ಮುಂಚೆ ಘಾಟಿಯಲ್ಲಿ ಗಾಡಿ ನಿಲ್ಲಿಸಿದ್ದರ ನಿಜವಾದ ಕಾರಣವನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಂಗೆ ಆವತ್ತೇ ಗೊತ್ತಾಗಿತ್ತು ಕಣೋ. ನೀನು ಕಾಡಿನ ಕಡೆ ತಿರುಗಿ ಸಹ ನೋಡ್ಲಿಲ್ಲ” ಎಂದರು. ಆಮೇಲೆ ಸೆರಗು ಸಿಕ್ಕಿಸಿ, ಶಿರಸ್ತ್ರಾಣ ಹಾಕಿಕೊಂಡು, “ಈಗ ಸರಿಯಾಗಿದೆಯಾ?” ಎಂದು ಕೇಳಿದರು.

“ಸರಿಯಾಗಿದೆಯಮ್ಮ” ಎಂದೆ. ಅದು ಬರಿಯ ಸಮಾಧಾನದ ಮಾತಾಗಿರಲಿಲ್ಲ. ನನಗೆ ತಿಳಿದ ಸಂಗತಿಯಾಗಿತ್ತು. ಅಮ್ಮ ಹತ್ತಿ ಕುಳಿತರು.